ಮುದ್ರೆ ಯಾರದು, ಬರಹ ಯಾರದು?

ಕಳೆದ ವರ್ಷ ಒಂದು ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಪದವಿ ತರಗತಿಯ ವಿದ್ಯಾರ್ಥಿನಿ. "ಚಾಚಾ, ಬೀದರಿನ ಮಹಮೂದ್ ಗವಾನ್ ಮದ್ರಸದ ಬಗ್ಗೆ ಹಳೆಯ ಪುಸ್ತಕ ಇದ್ದರೆ ಕೊಡುತ್ತೀರಾ?" ಎಂದು ಕೇಳಿದಳು. "ಅಂತರ್ಜಾಲದಲ್ಲಿ ಎಲ್ಲವೂ ಸಿಗುತ್ತದಲ್ಲ ಬೇಟಿ?" ಎಂದೆ. "ಅಲ್ಲಿಂದ ತಂದದ್ದಕ್ಕೇ ಈ ಪಾಡು ಚಾಚಾ" ಎಂದಳು.

ನಡೆದದ್ದು ಇಷ್ಟು. ಕನ್ನಡ ವಿಕಿಪೀಡಿಯದ ಯಾವುದಾದರೂ ಒಂದು ಲೇಖನವನ್ನು ಉತ್ತಮಪಡಿಸಿ ಬನ್ನಿ ಎಂದು ಅಧ್ಯಾಪಕಿ ತರಗತಿಗೆ ಹೇಳಿದ್ದರು. ಈಕೆ ಒಂದೇ ರಾತ್ರಿಯಲ್ಲಿ ನಾಲ್ಕು ಪುಟಗಳಷ್ಟು ಬರೆದು ತನ್ನ ಪ್ರಯೋಗಪುಟದಲ್ಲಿ ಹಾಕಿದಳು. ಮರುದಿನ ಅಧ್ಯಾಪಕಿ ಅದನ್ನು ನಕಲು ಪತ್ತೆ ಹಚ್ಚುವ ಸಾಧನವೊಂದಕ್ಕೆ ಒಪ್ಪಿಸಿದರು. ಪರದೆಯ ಎಡಗಡೆ ಅವಳ ಬರಹ, ಬಲಗಡೆ ಪ್ರವಾಸಿ ಜಾಲತಾಣವೊಂದರ ಬರಹ. ಎರಡೂ ಕಡೆ ಒಂದೇ ಬಗೆಯ ಸಾಲುಗಳಿಗೆ ಬಣ್ಣ ಬಳಿದುಕೊಂಡಿತ್ತು. ಬಣ್ಣವಿಲ್ಲದ ಸಾಲುಗಳನ್ನು ಹುಡುಕಬೇಕಾಗಿತ್ತು. "ಇದರಲ್ಲಿ ನಿನ್ನ ವಾಕ್ಯ ಯಾವುದು?" ಎಂದು ಅಧ್ಯಾಪಕಿ ಕೇಳಿದರಂತೆ. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ.

ಇದು ಅವಳೊಬ್ಬಳ ಕಥೆಯೇನೂ ಅಲ್ಲ. ನಮ್ಮ ಮನೆಗಳಲ್ಲಿ ಐದನೆಯ ತರಗತಿಯ ಮಗುವಿಗೂ ಪ್ರಾಜೆಕ್ಟ್ ಇರುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗಿ ವಿಷಯದ ಹೆಸರು ಹೇಳಿದರೆ ಅರ್ಧ ಗಂಟೆಯಲ್ಲಿ ಬಣ್ಣದ ಚಿತ್ರಗಳ ಸಮೇತ ಪುಟಗಳು ಸಿದ್ಧವಾಗುತ್ತವೆ. ತಂದೆ ಹಣ ಕೊಡುತ್ತಾನೆ, ಮಗು ಮೊದಲ ಪುಟದಲ್ಲಿ ತನ್ನ ಹೆಸರು ಬರೆಯುತ್ತದೆ, ಶಾಲೆ ಅಂಕ ಕೊಡುತ್ತದೆ. ಪೈಸೆ ಕದ್ದರೆ ಮಗುವನ್ನು ದಂಡಿಸುವ ನಾವು ಪುಟಗಟ್ಟಲೆ ಬರಹ ಕದ್ದಾಗ ಬೆನ್ನು ತಟ್ಟುತ್ತೇವೆ. ಹೀಗೆ ಬೆಳೆದ ಮಗು ಮುಂದೆ ಸಂಶೋಧನಾ ವಿದ್ಯಾರ್ಥಿಯಾದಾಗ ಕಾನೂನು ಎದುರಾಗುತ್ತದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮದಂತೆ, ಸಂಶೋಧನಾ ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚು ನಕಲು ಕಂಡರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40 ಮೀರಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಶಾಲೆಯಲ್ಲಿ ಶಹಬ್ಬಾಸ್ ಎನಿಸಿಕೊಂಡ ಅಭ್ಯಾಸವು ವಿಶ್ವವಿದ್ಯಾನಿಲಯದಲ್ಲಿ ಅಪರಾಧವಾಗುತ್ತದೆ. ತಪ್ಪು ಯಾರದು?

ವಿಕಿಪೀಡಿಯ ಎಂಬುದು 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಶ್ವಕೋಶ. ಕನ್ನಡದ ಆವೃತ್ತಿ 2003ರಲ್ಲಿ ಶುರುವಾಯಿತು. ಯಾರು ಬೇಕಾದರೂ ತಿದ್ದಬಹುದು ಎಂಬುದು ಅದರ ಹಿರಿಮೆ. ಹಲವರ ದೃಷ್ಟಿಯಲ್ಲಿ ಅದೇ ಅದರ ಕೊರತೆಯೂ ಹೌದು. ಆದರೆ ಯಾರು ಬೇಕಾದರೂ ತಿದ್ದಬಹುದು ಎಂದರೆ ಏನು ಬೇಕಾದರೂ ಬರೆಯಬಹುದು ಎಂದರ್ಥವಲ್ಲ. ಬರೆದ ಮಾತಿಗೆ ಓದುಗ ಪರಿಶೀಲಿಸಬಲ್ಲ ಆಧಾರವಿರಬೇಕು. ಯಾವುದೇ ಪಕ್ಷದ ವಕಾಲತ್ತು ವಹಿಸಬಾರದು. ಬರೆಯುವವನ ಸ್ವಂತ ಸಿದ್ಧಾಂತಕ್ಕೆ ಅಲ್ಲಿ ಜಾಗವಿಲ್ಲ. ಪ್ರತಿಯೊಂದು ತಿದ್ದುಪಡಿಯೂ ಯಾರು, ಯಾವ ದಿನ, ಎಷ್ಟು ಗಂಟೆಗೆ ಮಾಡಿದರು ಎಂಬ ವಿವರದೊಂದಿಗೆ ಲೇಖನದ ಇತಿಹಾಸ ಪುಟದಲ್ಲಿ ಉಳಿಯುತ್ತದೆ.

ಇನ್ನೊಂದು ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಿಕಿಪೀಡಿಯದ ಬರಹವನ್ನು ಮೂಲ ಹೆಸರಿಸಿ, ಅದೇ ಷರತ್ತಿನಡಿ ಯಾರು ಬೇಕಾದರೂ ಮರುಬಳಕೆ ಮಾಡಬಹುದು. ಅದು ಎಲ್ಲರಿಗಾಗಿ ಬಿಟ್ಟುಕೊಟ್ಟ ಸೊತ್ತು. ಹೀಗಿರುವಾಗ ಇನ್ನೊಬ್ಬ ಲೇಖಕನ ಹಕ್ಕಿನಲ್ಲಿರುವ ವಾಕ್ಯಗಳನ್ನು ತಂದು ಅಲ್ಲಿ ಹಾಕುವುದು ಪರರ ಜಮೀನನ್ನು ವಕ್ಫ್ ಮಾಡಿದಂತೆ. ತನ್ನದಲ್ಲದ ಸೊತ್ತನ್ನು ವಕ್ಫ್ ಮಾಡಲು ಯಾರಿಗಾದರೂ ಅಧಿಕಾರವಿದೆಯೇ? ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಆ ದಾನ ಸಿಂಧುವಾಗದು. ಮಾಹಿತಿಗೆ ಒಡೆಯನಿಲ್ಲ, ನಿಜ. ಮದ್ರಸ 1472ರಲ್ಲಿ ಕಟ್ಟಲ್ಪಟ್ಟಿತು ಎಂಬ ಸಂಗತಿ ಯಾರ ಆಸ್ತಿಯೂ ಅಲ್ಲ. ಆದರೆ ಆ ಸಂಗತಿಯನ್ನು ಹೇಳಲು ಒಬ್ಬ ಲೇಖಕ ಹೆಣೆದ ವಾಕ್ಯ ಅವನದು. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಹಕ್ಕಿನ ಅವಧಿ ಮುಗಿದ ಬಳಿಕ ಆ ಬರಹವನ್ನು ಬಳಸುವುದು ಕಾನೂನುಬಾಹಿರವಲ್ಲ. ಆದರೆ ಅದು ನನ್ನದೆಂದು ಹೇಳಿಕೊಳ್ಳುವುದು ಆಗಲೂ ಸುಳ್ಳೇ. ಕಾನೂನು ಒಂದು, ಪ್ರಾಮಾಣಿಕತೆ ಇನ್ನೊಂದು.

ವಿದ್ಯಾರ್ಥಿಗಳನ್ನು ಸಿದ್ಧತೆಯಿಲ್ಲದೆ ಈ ಕೆಲಸಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಪುಣೆಯೇ ಸಾಕ್ಷಿ. 2011ರಲ್ಲಿ ವಿಕಿಮೀಡಿಯ ಫೌಂಡೇಶನ್ ಅಲ್ಲಿನ ಕಾಲೇಜುಗಳಲ್ಲಿ ಒಂದು ಶಿಕ್ಷಣ ಯೋಜನೆಯನ್ನು ಪ್ರಯೋಗಾರ್ಥ ನಡೆಸಿತು. ವಿದ್ಯಾರ್ಥಿಗಳು ತಮ್ಮ ಪಠ್ಯಕ್ಕೆ ಸಂಬಂಧಿಸಿದ ಲೇಖನಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೆಳೆಸಬೇಕಿತ್ತು, ಅದಕ್ಕೆ ಅಂಕವೂ ಇತ್ತು. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ಪಠ್ಯಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿದ ಬರಹ ರಾಶಿ ಬಿದ್ದಿತು. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತು ಆ ನಕಲನ್ನು ಹೆಕ್ಕಿ ತೆಗೆಯಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಆ ಪ್ರಯೋಗವನ್ನು ನಿಲ್ಲಿಸಲಾಯಿತು. ಆ ವಿದ್ಯಾರ್ಥಿಗಳು ಕೆಟ್ಟವರಾಗಿದ್ದರೇ? ಖಂಡಿತ ಅಲ್ಲ. ಅವರಿಗೆ ನಕಲು ತಪ್ಪೆಂದು ಅದಕ್ಕಿಂತ ಮುಂಚೆ ಯಾರೂ ಮನದಟ್ಟು ಮಾಡಿರಲಿಲ್ಲ. ಮಾರ್ಗದರ್ಶನಕ್ಕೆ ನಿಂತವರಲ್ಲೂ ಹಲವರು ವಿಕಿಪೀಡಿಯಕ್ಕೆ ಹೊಸಬರೇ ಆಗಿದ್ದರು.

ಒಳ್ಳೆಯ ಉದಾಹರಣೆಗಳೂ ಇವೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದಲ್ಲಿ 2013ರಿಂದ ಭಾಷಾ ವಿದ್ಯಾರ್ಥಿಗಳು ಕನ್ನಡ, ಉರ್ದು ಮೊದಲಾದ ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಬರೆಯತೊಡಗಿದರು. ಮೈಸೂರು ವಿಶ್ವವಿದ್ಯಾನಿಲಯವು ತಾನು ಪ್ರಕಟಿಸಿದ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅಲ್ಲಿಂದ ಎತ್ತಿ ಹಾಕುವುದು ಕಳ್ಳತನವಲ್ಲ. ಏಕೆಂದರೆ ಒಡೆಯನೇ ಅನುಮತಿ ಕೊಟ್ಟಿದ್ದಾನೆ, ಮತ್ತು ಎತ್ತಿದ್ದು ಎಲ್ಲಿಂದ ಎಂದು ಅಲ್ಲೇ ಬರೆಯಲಾಗುತ್ತದೆ. ಇವೆರಡು ಇದ್ದರೆ ಅದು ಸಾಲ. ಇಲ್ಲದಿದ್ದರೆ ಅದು ಚೌರ್ಯ.

ಪರಿಶೀಲನೆಯ ಕೆಲಸ ಯಂತ್ರಕ್ಕೆ ಬಿಟ್ಟು ಕೈತೊಳೆದುಕೊಳ್ಳುವಂಥದ್ದೂ ಅಲ್ಲ. ಯಂತ್ರ ಮಾಡುವುದು ಇಷ್ಟೇ: ನಮ್ಮ ವಾಕ್ಯದ ತುಂಡುಗಳನ್ನು ಅಂತರ್ಜಾಲದ ಪುಟಗಳೊಂದಿಗೆ ಹೋಲಿಸಿ, ಎಷ್ಟು ಹೊಂದುತ್ತದೆ ಎಂದು ಅಂಕಿ ಕೊಡುವುದು. ಆ ಅಂಕಿ ತೀರ್ಪಲ್ಲ. ಉದ್ಧರಣ ಚಿಹ್ನೆಯೊಳಗಿನ ಮಾತು, ಸಂಸ್ಥೆಗಳ ಹೆಸರು, ಪುಸ್ತಕಗಳ ಪಟ್ಟಿ ಇವೆಲ್ಲವೂ ನಕಲಿನಂತೆಯೇ ಕಾಣುತ್ತವೆ. ಕೆಲವೊಮ್ಮೆ ಜಾಲತಾಣವೇ ವಿಕಿಪೀಡಿಯದಿಂದ ಕದ್ದಿರುತ್ತದೆ. ಇತಿಹಾಸ ಪುಟದ ದಿನಾಂಕವನ್ನೂ ಆ ತಾಣದ ದಿನಾಂಕವನ್ನೂ ಇಟ್ಟು ನೋಡಿದರಷ್ಟೇ ಕಳ್ಳ ಯಾರು, ಧಣಿ ಯಾರು ಎಂದು ತಿಳಿಯುತ್ತದೆ. ಇನ್ನು ಕನ್ನಡದಲ್ಲಂತೂ ಯಂತ್ರದ ಕಣ್ಣಿಗೆ ಬೀಳದ ನಕಲೇ ಹೆಚ್ಚು. ಮುದ್ರಿತ ಪುಸ್ತಕದಿಂದ ಟೈಪು ಮಾಡಿದ್ದು ಅದಕ್ಕೆ ಕಾಣದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿರುವ ಕಡತಗಳನ್ನು ಅದು ಓದಲಾರದು. ಇಂಗ್ಲಿಷಿನಿಂದ ಸಾಲು ಸಾಲಾಗಿ ಭಾಷಾಂತರಿಸಿ ತನ್ನದೆಂದು ಹಾಕಿದರೆ ಅದಕ್ಕೆ ತಿಳಿಯದು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಅವು ಹೊಸ ವಾಕ್ಯಗಳನ್ನು ಹೆಣೆದು ಕೊಡುವುದರಿಂದ ನಕಲು ಕಾಣಿಸದು. ಆದರೆ ಜಗತ್ತಿನಲ್ಲಿ ಎಂದೂ ಪ್ರಕಟವಾಗದ ಪುಸ್ತಕದ ಹೆಸರನ್ನು ಆಧಾರವೆಂದು ಅವು ಕೊಡುವುದುಂಟು. ಆ ಪುಸ್ತಕವನ್ನು ಹುಡುಕಿ ಪುಟ ತೆರೆದು ನೋಡಿದವನಿಗೆ ಮಾತ್ರ ಮೋಸ ಗೊತ್ತಾಗುತ್ತದೆ. ಕೊನೆಗೂ ಕಾವಲುಗಾರ ಯಂತ್ರವಲ್ಲ, ಬರೆಯುವವನ ಅಂತಃಸಾಕ್ಷಿ.

ಆ ಹುಡುಗಿಗೆ ನಾನು ಗುಲಾಮ್ ಯಜ್ದಾನಿಯವರು 1947ರಲ್ಲಿ ಬೀದರಿನ ಸ್ಮಾರಕಗಳ ಬಗ್ಗೆ ಪ್ರಕಟಿಸಿದ ಗ್ರಂಥ ಮತ್ತು ಹಾರೂನ್ ಖಾನ್ ಶೆರ್ವಾನಿಯವರು 1942ರಲ್ಲಿ ಮಹಮೂದ್ ಗವಾನನ ಬಗ್ಗೆ ಬರೆದ ಗ್ರಂಥಗಳ ಹೆಸರು ಹೇಳಿದೆ. ಗ್ರಂಥಾಲಯಕ್ಕೆ ಹೋಗಿ ಅವನ್ನು ಓದಿದಳು. ಓದಿದ ಹಾಗೆ ಅವಳ ಸಂಶಯಗಳು ಹೆಚ್ಚಿದವು. ಔರಂಗಜೇಬನ ಕಾಲದಲ್ಲಿ ಮದ್ರಸದ ಒಂದು ಭಾಗ ಸ್ಫೋಟದಿಂದ ಕುಸಿಯಿತು ಎನ್ನುತ್ತಾರೆ. ಕೆಲವರು 1695 ಎಂದರೆ ಇನ್ನು ಕೆಲವರು 1696 ಎನ್ನುತ್ತಾರೆ. ಸಿಡಿಮದ್ದು ಕಾರಣವೆಂದು ಕೆಲವರು, ಸಿಡಿಲು ಎಂದು ಕೆಲವರು. ಅಲ್ಲಿನ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವು ಎಂದು ಹಲವು ತಾಣಗಳು ಬರೆಯುತ್ತವೆ, ಮೊದಲು ಹೇಳಿದವರಾರು ಎಂಬುದನ್ನು ತಿಳಿಸುವುದಿಲ್ಲ. "ನಾನೇನು ಮಾಡಲಿ ಚಾಚಾ?" ಎಂದು ಕೇಳಿದಳು. ಭಿನ್ನಾಭಿಪ್ರಾಯವಿದ್ದಲ್ಲಿ ಎರಡನ್ನೂ ಹೇಳು, ಯಾರು ಹೇಳಿದ್ದೆಂದು ಬರೆ, ಆಧಾರ ಸಿಗದ್ದನ್ನು ಬಿಡು ಎಂದೆ. ವಿಶ್ವಕೋಶದ ನಿಯಮವೂ ಅದುವೇ.

ಆ ಮದ್ರಸ ಕಟ್ಟಿಸಿದವನ ಕೊನೆಯ ದಿನವನ್ನು ಓದಿದಾಗ ಅವಳು ಬೆಚ್ಚಿದಳು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನ ಮೇಲೆ ಅಸೂಯೆಪಟ್ಟವರು ಅವನ ಮುದ್ರೆಯನ್ನು ಕಾಯುವ ಸೇವಕನನ್ನು ವಶಮಾಡಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಅದರಲ್ಲಿ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ತಾವೇ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಶಾಹನ ಮುಂದೆ ಪತ್ರ ಬಂದಾಗ, ಮುದ್ರೆ ತನ್ನದು, ಬರಹ ಮಾತ್ರ ತನ್ನದಲ್ಲ ಎಂದು ವೃದ್ಧ ಪ್ರಧಾನಿ ಹೇಳಿದನೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ ಗವಾನನ ತಲೆ ಉರುಳಿತು. ಸತ್ಯ ತಿಳಿದಾಗ ಕಾಲ ಮಿಂಚಿತ್ತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಆ ಬಳಿಕ ರಾಜ್ಯ ಚೂರುಚೂರಾಯಿತು.

ಮುದ್ರೆ ಒಬ್ಬನದು, ಬರಹ ಇನ್ನೊಬ್ಬನದು. ನಮ್ಮ ಕಾಲದ ಎರಡು ಪಿಡುಗುಗಳೂ ಈ ಒಂದು ಮಾತಿನಲ್ಲಿವೆ. ಕೃತಿಚೌರ್ಯ ಮಾಡುವವನು ಪರರ ಬರಹಕ್ಕೆ ತನ್ನ ಮುದ್ರೆ ಒತ್ತುತ್ತಾನೆ. ಸುಳ್ಳು ಹರಡುವವನು ತನ್ನ ಬರಹಕ್ಕೆ ಪರರ ಮುದ್ರೆ ಒತ್ತುತ್ತಾನೆ. ಮೇಲ್ನೋಟಕ್ಕೆ ಇವು ಬೇರೆ ಬೇರೆ ತಪ್ಪುಗಳು. ಆದರೆ ಇಬ್ಬರೂ ಬಚ್ಚಿಡುವುದು ಒಂದನ್ನೇ: ಈ ಮಾತು ಎಲ್ಲಿಂದ ಬಂತು ಎಂಬುದನ್ನು.

ಎರಡನೆಯ ತಪ್ಪಿಗೂ ವಿದ್ಯಾರ್ಥಿಯೊಬ್ಬನ ಪ್ರಸಂಗವಿದೆ. 2009ರ ಮಾರ್ಚ್‌ನಲ್ಲಿ ಫ್ರಾನ್ಸಿನ ಪ್ರಸಿದ್ಧ ಚಿತ್ರಸಂಗೀತಗಾರ ಮೊರೀಸ್ ಜಾರ್ ನಿಧನರಾದರು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಪತ್ರಕರ್ತರು ಅಂತರ್ಜಾಲವನ್ನು ಎಷ್ಟು ಕಣ್ಣುಮುಚ್ಚಿ ನಂಬುತ್ತಾರೆಂದು ನೋಡಲು, ಜಾರ್ ಹೇಳಿದ್ದೆಂದು ತಾನೇ ಕಟ್ಟಿದ ಮಾತೊಂದನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಸೇರಿಸಿದ. ಆಧಾರವಿಲ್ಲವೆಂದು ಅಲ್ಲಿನ ಸ್ವಯಂಸೇವಕರು ಅದನ್ನು ಅಳಿಸಿದರು. ಆತ ಮತ್ತೆ ಸೇರಿಸಿದ. ಅಷ್ಟರಲ್ಲಿ ಬ್ರಿಟನ್, ಆಸ್ಟ್ರೇಲಿಯ, ಭಾರತಗಳ ಪತ್ರಿಕಾ ತಾಣಗಳು ಅದನ್ನು ಶ್ರದ್ಧಾಂಜಲಿಯಲ್ಲಿ ಬಳಸಿಬಿಟ್ಟಿದ್ದವು. ಸುಮಾರು ಒಂದು ತಿಂಗಳ ಬಳಿಕ ಆತನೇ ಬರೆದು ತಿಳಿಸಿದ ಮೇಲೆ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಸಂಬಳವಿಲ್ಲದವರು ಆಧಾರ ಎಲ್ಲಿ ಎಂದು ಕೇಳಿದರು, ಸಂಬಳ ಪಡೆಯುವವರು ಕೇಳಲಿಲ್ಲ! ಇನ್ನೂ ಅಪಾಯಕಾರಿಯಾದದ್ದು ಇದರ ಮುಂದಿನ ಹಂತ. ಪತ್ರಿಕೆಯಲ್ಲಿ ಅಚ್ಚಾದ ಸುಳ್ಳನ್ನೇ ಆಧಾರವೆಂದು ತೋರಿಸಿ ಮತ್ತೆ ವಿಶ್ವಕೋಶಕ್ಕೆ ಸೇರಿಸಿದರೆ, ಸುಳ್ಳಿಗೆ ತನ್ನದೇ ನೆರಳು ಸಾಕ್ಷಿಯಾಗುತ್ತದೆ.

ಅದು ಸಂಗೀತಗಾರನ ಬಾಯಿಗೆ ತುರುಕಿದ ಮಾತು. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಗವಾನನ ಅದೇ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 2018ರ ಜುಲೈ 13ರಂದು ನಡೆದದ್ದನ್ನು ನಾವು ಮರೆತೆವೇ? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಯಾಪ್ ವದಂತಿಗೆ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬ ಬಲಿಯಾದ. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವನ ಗುಂಪಿನ ಅಪರಾಧವಾಗಿತ್ತು. ಆ ಸಂದೇಶ ಬರೆದವರಾರು, ನೋಡಿದವರಾರು ಎಂದು ರವಾನಿಸಿದ ನೂರಾರು ಬೆರಳುಗಳಲ್ಲಿ ಒಂದಾದರೂ ತಡೆದು ಕೇಳಿದ್ದರೆ? ಅದೇ ತಿಂಗಳು ವಾಟ್ಸ್ಯಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕಿತು. ಸಂಸ್ಥೆ ಬೆರಳಿಗೆ ಮಿತಿ ಹಾಕಬಲ್ಲದು, ಮನಸ್ಸಿಗೆ ಹಾಕಬಲ್ಲುದೇ?

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನಮ್ಮ ಚರಿತ್ರೆಯನ್ನು ತಿರುಚಲಾಗುತ್ತಿದೆ ಎಂದು ನಾವು ದೂರುತ್ತೇವೆ. ದೂರಿನಲ್ಲಿ ಹುರುಳಿದೆ. ಆದರೆ ತಿರುಚಿದ ಒಂದು ಸಾಲನ್ನು ಆಧಾರ ಸಮೇತ ತಿದ್ದಲು ನಮ್ಮಲ್ಲಿ ಎಷ್ಟು ಮಂದಿ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದೇವೆ? ಸಭೆಯಲ್ಲಿ ಖಂಡನಾ ನಿರ್ಣಯ ಅಂಗೀಕರಿಸುವುದು ಸುಲಭ. ಪುಟ ಸಂಖ್ಯೆ ಸಹಿತ ಒಂದು ಅಡಿಟಿಪ್ಪಣಿ ಬರೆಯುವುದು ಕಷ್ಟ. ಇನ್ನೊಂದೆಡೆ, ಜಗತ್ತಿನ ಸಕಲ ಆವಿಷ್ಕಾರಗಳನ್ನೂ ನಮ್ಮ ಪೂರ್ವಿಕರೇ ಮಾಡಿದರೆಂಬ ಸಂದೇಶ ಬಂದರೆ ಆಧಾರ ಕೇಳದೆ ಹತ್ತು ಗುಂಪುಗಳಿಗೆ ಕಳಿಸುತ್ತೇವೆ. ನಮ್ಮ ವಿರುದ್ಧದ ಆಧಾರರಹಿತ ಮಾತು ಸುಳ್ಳು, ನಮ್ಮ ಪರವಾದ ಆಧಾರರಹಿತ ಮಾತು ಅಭಿಮಾನ! ಇದು ಯಾವ ನ್ಯಾಯ? ಪ್ರಶಂಸೆಯ ಸುಳ್ಳು ಬಯಲಾದ ದಿನ ನಮ್ಮ ನಿಜವಾದ ಸಾಧನೆಗಳನ್ನೂ ಜನರು ನಂಬುವುದಿಲ್ಲ.

ವಿಶೇಷವೆಂದರೆ, ಮಾತಿನ ಮೂಲವನ್ನು ಕೇಳುವ ಶಿಸ್ತು ನಮಗೆ ಹೊಸತಲ್ಲ. 870ರಲ್ಲಿ ನಿಧನರಾದ ಇಮಾಮ್ ಬುಖಾರಿಯವರೂ ಇತರ ಹದೀಸ್ ವಿದ್ವಾಂಸರೂ ಒಂದು ವಚನವನ್ನು ಸ್ವೀಕರಿಸುವ ಮುನ್ನ ಇದನ್ನು ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು ಎಂದು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದರು. ಅರಬಿ ಸಾಹಿತ್ಯ ವಿಮರ್ಶೆಯಲ್ಲಿ ಕೃತಿಚೌರ್ಯವನ್ನು 'ಸರಿಖಾ' ಎಂದೇ ಕರೆದರು. ಅದರ ನೇರ ಅರ್ಥ ಕಳವು. ಹತ್ತನೆಯ ಶತಮಾನದ ವಿಮರ್ಶಕ ಅಲ್ ಆಮಿದಿ, ಅಬೂ ತಮ್ಮಾಮ್ ಮತ್ತು ಬುಹ್ತುರಿ ಎಂಬ ಇಬ್ಬರು ಮಹಾಕವಿಗಳನ್ನು ಹೋಲಿಸುವಾಗ ಅವರು ಬೇರೆಯವರಿಂದ ಎತ್ತಿಕೊಂಡದ್ದನ್ನೂ ಮುಲಾಜಿಲ್ಲದೆ ಚರ್ಚಿಸಿದ. ಇಂಥ ಪರಂಪರೆಯ ಹೆಸರು ಹೇಳಿಕೊಳ್ಳುವವರ ಮನೆಯ ಮಗು ಜೆರಾಕ್ಸ್ ಅಂಗಡಿಯ ಪುಟಗಳಿಗೆ ತನ್ನ ಹೆಸರು ಬರೆಯುವುದೆಂದರೆ ಏನರ್ಥ?

ಮಾಡಬೇಕಾದದ್ದು ದೊಡ್ಡದೇನಲ್ಲ. ಮಗು ಪ್ರಾಜೆಕ್ಟ್ ಹಿಡಿದು ಬಂದಾಗ ತಂದೆ ತಾಯಿ ಎಷ್ಟು ಅಂಕ ಎಂದು ಕೇಳುವ ಮುನ್ನ ಇದನ್ನು ಎಲ್ಲಿ ಓದಿದೆ ಎಂದು ಕೇಳಲಿ. ಎರಡು ಮೂರು ಕಡೆ ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದದ್ದನ್ನು ತನ್ನ ಮಾತಿನಲ್ಲಿ ಬರೆದು, ಬಳಿಕ ಪುಸ್ತಕ ತೆರೆದು ತಪ್ಪು ತಿದ್ದಿಕೊಂಡು, ಕೊನೆಗೆ ಮೂಲವನ್ನು ನಮೂದಿಸುವ ಅಭ್ಯಾಸವನ್ನು ಅಧ್ಯಾಪಕರು ಮಾಡಿಸಲಿ. ವಾಕ್ಯ ಕುಂಟಿದರೆ ಕುಂಟಲಿ. ಕುಂಟುವ ಸ್ವಂತ ವಾಕ್ಯ ಓಡುವ ಕದ್ದ ವಾಕ್ಯಕ್ಕಿಂತ ಮೇಲು. ನಮ್ಮ ಆಡಳಿತದಲ್ಲಿರುವ ಕಾಲೇಜುಗಳು ಹೊಸ ಕಟ್ಟಡದ ಜೊತೆಗೆ ಗ್ರಂಥಾಲಯದ ಕಡೆಗೂ ಕಣ್ಣು ಹಾಯಿಸಲಿ. ಐದು ವಿದ್ಯಾರ್ಥಿಗಳು ಸೇರಿ ತಿಂಗಳಿಗೊಂದು ಲೇಖನವನ್ನು ಆಧಾರ ಸಹಿತ ತಿದ್ದಿದರೆ ವರ್ಷಕ್ಕೆ ಹನ್ನೆರಡು. ತಮ್ಮ ಊರಿನ ಶಾಸನ, ಕೋಟೆ, ಕೆರೆ, ಕಸುಬು, ಬ್ಯಾರಿ, ನವಾಯತ, ದಖ್ಖನಿ ಮಾತುಗಳು ಹೀಗೆ ವಿಷಯಗಳಿಗೇನೂ ಕೊರತೆಯಿಲ್ಲ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಜೀವ ತಳೆದದ್ದು ಸಾಮಾನ್ಯ ಉತ್ಸಾಹಿಗಳ ದುಡಿಮೆಯಿಂದಲೇ ಹೊರತು ಯಾವ ಸರಕಾರದ ಆದೇಶದಿಂದಲೂ ಅಲ್ಲ. ಅನ್ಯರ ಬಗೆಗಿನ ಲೇಖನದಲ್ಲಿ ತಪ್ಪು ಕಂಡಾಗಲೂ ಅದೇ ನಿಷ್ಠೆಯಿಂದ ತಿದ್ದಬೇಕು. ಆಗ ಮಾತ್ರ ನಮ್ಮ ಬಗೆಗಿನ ತಿದ್ದುಪಡಿಗೆ ಬೆಲೆ ಬರುತ್ತದೆ.

ಆ ಹುಡುಗಿ ಮೂರು ವಾರಗಳ ಬಳಿಕ ತನ್ನ ಬರಹದ ಪ್ರತಿಯನ್ನು ತಂದು ತೋರಿಸಿದಳು. ನಾಲ್ಕು ಪುಟ ಇದ್ದದ್ದು ಒಂದೂವರೆ ಪುಟಕ್ಕೆ ಇಳಿದಿತ್ತು. ಪ್ರತಿ ಎರಡು ಸಾಲಿಗೊಂದು ಅಡಿಟಿಪ್ಪಣಿಯ ಸಂಖ್ಯೆ ಇತ್ತು. ಎರಡು ಕಡೆ ವಾಕ್ಯ ತುಸು ತೊಡರಿತ್ತು. ಕೈಬಿಟ್ಟ ಸಂಗತಿಗಳ ಪಟ್ಟಿಯನ್ನೂ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಳು, ಆಧಾರ ಸಿಕ್ಕರೆ ಮುಂದೆ ಸೇರಿಸಲು. "ಲೇಖನದ ಮೇಲೆ ನನ್ನ ಹೆಸರು ಬರುವುದಿಲ್ಲ ಚಾಚಾ, ಇತಿಹಾಸ ಪುಟದಲ್ಲಿ ಮಾತ್ರ ಇರುತ್ತದೆ" ಎಂದಳು.

"ಈಗ ನಿನ್ನ ವಾಕ್ಯ ಯಾವುದು?" ಎಂದು ಕೇಳಿದೆ. ನಗುತ್ತಾ ಪುಟವನ್ನು ನನ್ನ ಕಡೆ ತಿರುಗಿಸಿದಳು. ಬರಹವೂ ಅವಳದೇ, ಮುದ್ರೆಯೂ ಅವಳದೇ ಆಗಿತ್ತು.